ಪೋಲೀಸರಿಗಾಗಿ ಬರೆಯುವುದೆಂದರೆ

ಪೋಲೀಸರ ವಿಷಯ ಬರೆಯದ ಪತ್ರಿಕೆ ಇಲ್ಲ. ಕಳವು, ಹಲ್ಲೆ, ಅಪಘಾತ, ಬಂಧನ, ಜಾಮೀನು ಇವಿಲ್ಲದೆ ಯಾವ ದಿನದ ಪುಟವೂ ತುಂಬುವುದಿಲ್ಲ. ಆದರೆ ಪೋಲೀಸರ ವಿಷಯ ಬರೆಯುವುದು ಬೇರೆ, ಪೋಲೀಸರಿಗಾಗಿ ಬರೆಯುವುದು ಬೇರೆ. ಮೊದಲನೆಯದನ್ನು ಊರವರು ಓದುತ್ತಾರೆ. ಓದಿ, ಒಂದಿಷ್ಟು ಮಾತಾಡಿ, ಮರೆಯುತ್ತಾರೆ. ಎರಡನೆಯದನ್ನು ಓದುವವನ ಮೈಮೇಲೆ ಖಾಕಿ ಇದೆ, ಕೈಯಲ್ಲಿ ಅಧಿಕಾರ ಇದೆ. ಅವನು ಇಂದು ಓದಿದ್ದು ನಾಳೆ ಠಾಣೆಗೆ, ಬೀದಿಗೆ, ನಮ್ಮ ನಿಮ್ಮ ಮನೆಯ ಜಗಲಿಗೆ ಬರುತ್ತದೆ.

ಹಾಗೆಂದೇ ಈ ಬರವಣಿಗೆಯ ವಿಚಾರ ಪೋಲೀಸರಿಗೆ ಮಾತ್ರ ಸಂಬಂಧಿಸಿದ್ದಲ್ಲ. ನಮ್ಮ ಪತ್ರಿಕೆಯಲ್ಲಿ ಒಂದು ತಪ್ಪು ಅಚ್ಚಾದರೆ ಮರುದಿನ ತಿದ್ದುಪಡಿ ಹಾಕಬಹುದು. ಪೋಲೀಸರು ನಂಬಿ ಓದುವ ಹೊತ್ತಗೆಯಲ್ಲಿ ಒಂದು ತಪ್ಪು ಅಚ್ಚಾದರೆ ಅದು ಲಾಠಿಯ ಜತೆಗೆ ಗಸ್ತು ಹೊರಡುತ್ತದೆ. ಅದನ್ನು ಹಿಂದೆ ಕರೆಯುವುದು ಸುಲಭವಲ್ಲ.

ಇಂಥ ಪತ್ರಿಕೆಗಳೂ ಉಂಟೇ ಎಂದು ಕೆಲವರು ಕೇಳಬಹುದು. ಧಾರಾಳ ಉಂಟು. ನಮ್ಮ ದೇಶದಲ್ಲಿ 1970ರಲ್ಲಿ ಸ್ಥಾಪನೆಯಾದ ಪೋಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೋ ಇಂಗ್ಲಿಷಿನಲ್ಲಿ ‘ಇಂಡಿಯನ್ ಪೋಲೀಸ್ ಜರ್ನಲ್’ ಎಂಬ ಪತ್ರಿಕೆಯನ್ನು ಹೊರಡಿಸುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಲೀಸ್ ಅಕಾಡೆಮಿಗೂ ತನ್ನದೇ ಪತ್ರಿಕೆಯಿದೆ. ಅಮೇರಿಕದಲ್ಲಿ ಎಫ್.ಬಿ.ಐ. ಸಂಸ್ಥೆಯ ‘ಲಾ ಎನ್‌ಫೋರ್ಸ್‌ಮೆಂಟ್ ಬುಲೆಟಿನ್’ 1932ರಿಂದ ನಡೆದುಬಂದಿದೆ. ಮೊದಲಿಗೆ ಅದು ತಲೆ ತಪ್ಪಿಸಿಕೊಂಡವರ ಪಟ್ಟಿ ಮಾತ್ರವಾಗಿತ್ತು. ಹೆಸರೂ ‘ಪೋಲೀಸರಿಗೆ ಬೇಕಾದ ಪರಾರಿಗಳು’ ಎಂಬರ್ಥದ್ದೇ. 1935ರಲ್ಲಿ ಈಗಿನ ಹೆಸರನ್ನು ಪಡೆದು, ಪಟ್ಟಿಯೊಡನೆ ಲೇಖನಗಳೂ ಸೇರಿ, ತನಿಖೆ, ಕಾನೂನು, ತರಬೇತಿಗಳ ಮಾಸಪತ್ರಿಕೆಯಾಗಿ ಬೆಳೆಯಿತು.

ಕುರುಡು ನ್ಯಾಯಾಧೀಶನ ಕಾಗದ

ಈ ಜಾತಿಯ ಬರವಣಿಗೆಯ ಮೂಲ ಹುಡುಕಿದರೆ ನಾವು ಲಂಡನ್ನಿನ ಬೋ ಸ್ಟ್ರೀಟಿಗೆ ಹೋಗಬೇಕಾಗುತ್ತದೆ. ಅಲ್ಲಿ ಮ್ಯಾಜಿಸ್ಟ್ರೇಟನಾಗಿದ್ದ ಸರ್ ಜಾನ್ ಫೀಲ್ಡಿಂಗನಿಗೆ ಎರಡು ಕಣ್ಣೂ ಕಾಣುತ್ತಿರಲಿಲ್ಲ. ಆದರೆ ಒಂದು ಸತ್ಯ ಅವನಿಗೆ ಕಣ್ಣಿದ್ದವರಿಗಿಂತ ಚೆನ್ನಾಗಿ ಕಂಡಿತು. ಲಂಡನ್ನಿನಲ್ಲಿ ಕದ್ದವನು ಇನ್ನೊಂದು ಜಿಲ್ಲೆಗೆ ದಾಟಿದರೆ ಅಲ್ಲಿಯವರಿಗೆ ಅವನು ಅಪರಿಚಿತ; ಕದ್ದ ಕುದುರೆ ಅಲ್ಲಿ ಮಾರಾಟಕ್ಕೆ ಬಂದರೆ ಅದು ಕದ್ದದ್ದೆಂದು ಯಾರಿಗೂ ತಿಳಿಯದು. 1772ರಲ್ಲಿ ಅವನು ಒಂದು ಯೋಜನೆ ಹೂಡಿದ. ದೇಶದ ಎಲ್ಲ ಮ್ಯಾಜಿಸ್ಟ್ರೇಟರಿಂದಲೂ ಪರಾರಿಯಾದವರ ಚಹರೆ, ಕಳವಾದ ವಸ್ತುಗಳ ವಿವರಗಳನ್ನು ತರಿಸಿಕೊಂಡು, ಅಚ್ಚು ಮಾಡಿಸಿ, ಊರೂರಿಗೆ ಕಳುಹಿಸುವ ಯೋಜನೆ. ಆ ಹಾಳೆಗಳೇ ಮುಂದೆ ಹಲವು ರೂಪ ತಾಳಿ 1828ರಲ್ಲಿ ‘ಪೋಲೀಸ್ ಗೆಜೆಟ್’ ಆಯಿತು.

ಆ ಹಾಳೆಗಳಲ್ಲಿ ಸಾಹಿತ್ಯವಿರಲಿಲ್ಲ. ‘ಕ್ರೂರ ಮುಖದವನು’ ಎಂದು ಬರೆದರೆ ಯಾರನ್ನು ಹಿಡಿಯುವುದು? ‘ಎಡಗೈಯ ಕಿರುಬೆರಳಿಲ್ಲ, ಮಾತಾಡುವಾಗ ತೊದಲುತ್ತಾನೆ’ ಎಂದು ಬರೆದರೆ ಹಳ್ಳಿಯ ಕಾವಲುಗಾರನಿಗೂ ಗುರುತು ಸಿಗುತ್ತದೆ. ಪೋಲೀಸ್ ಓದುಗನಿಗೆ ಬರೆಯುವವರು ಕಲಿಯಬೇಕಾದ ಮೊದಲ ಪಾಠ ಇದೇ. ಗುಣವಾಚಕದಿಂದ ಅವನಿಗೆ ಪ್ರಯೋಜನವಿಲ್ಲ, ಗುರುತಿನಿಂದ ಇದೆ.

ಮದರಾಸಿನಲ್ಲಿ ಅಚ್ಚಾದ ಎರಡು ಪುಸ್ತಕಗಳು

ಪೋಲೀಸರಿಗಾಗಿ ಬರೆದ ಪುಸ್ತಕಗಳ ಚರಿತ್ರೆಯಲ್ಲಿ ನಮ್ಮ ಹಳೆಯ ಮದರಾಸು ಪ್ರಾಂತಕ್ಕೂ ಒಂದು ಪಾಲಿದೆಯೆಂಬುದು ಹೆಚ್ಚಿನವರಿಗೆ ತಿಳಿಯದು. ಕಾಸರಗೋಡು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು; ಆ ಜಿಲ್ಲೆ ಬ್ರಿಟಿಷರ ಕಾಲದಲ್ಲಿ ಮದರಾಸು ಪ್ರಾಂತಕ್ಕೆ ಸೇರಿತ್ತು. ಆದುದರಿಂದ ಮದರಾಸಿನಲ್ಲಿ ಪೋಲೀಸರಿಗಾಗಿ ಅಚ್ಚಾದದ್ದು ನಮ್ಮ ಅಜ್ಜಂದಿರ ಬಾಳಿಗೂ ಸಂಬಂಧಿಸಿದ್ದು.

ಆಸ್ಟ್ರಿಯ ದೇಶದ ಗ್ರಾಜ್ ಎಂಬಲ್ಲಿ ಹಾನ್ಸ್ ಗ್ರಾಸ್ ಎಂಬ ತನಿಖಾ ಮ್ಯಾಜಿಸ್ಟ್ರೇಟನಿದ್ದ. ತನಿಖೆಯನ್ನು ಒಂದು ಶಾಸ್ತ್ರವಾಗಿ ಕಲಿಸಬೇಕೆಂದು ಹಟ ತೊಟ್ಟು 1893ರಲ್ಲಿ ಒಂದು ದೊಡ್ಡ ಕೈಪಿಡಿ ಬರೆದ. ಜರ್ಮನ್ ಭಾಷೆಯ ಆ ಗ್ರಂಥ ಇಂಗ್ಲಿಷಿಗೆ ಬಂದುದು ಲಂಡನ್ನಿನಲ್ಲಿ ಅಲ್ಲ, ಮದರಾಸಿನಲ್ಲಿ. ಜಾನ್ ಆಡಂ ಮತ್ತು ಕಾಲಿಯರ್ ಆಡಂ ಎಂಬ ಮದರಾಸಿನ ಇಬ್ಬರು ಸರಕಾರಿ ವಕೀಲರು ಅದನ್ನು ಭಾಷಾಂತರಿಸಿ, ಭಾರತದ ಪದ್ಧತಿಗೆ ಹೊಂದಿಸಿ, 1906ರಲ್ಲಿ ಪ್ರಕಟಿಸಿದರು. ಗ್ರಾಜ್ ಪಟ್ಟಣದ ಉದಾಹರಣೆ ಮದರಾಸಿನ ಠಾಣೆದಾರನಿಗೆ ಅಷ್ಟಾಗಿ ಉಪಯೋಗಕ್ಕೆ ಬಾರದೆಂದು ಅವರಿಗೆ ಗೊತ್ತಿತ್ತು. ಓದುಗನ ನೆಲಕ್ಕೆ ಇಳಿದು ಬರೆಯುವುದೆಂದರೆ ಇದು.

ಇದಕ್ಕಿಂತ ಮೊದಲೇ, 1892ರಲ್ಲಿ, ಅದೇ ಮದರಾಸಿನಲ್ಲಿ ಇನ್ನೊಂದು ಪುಸ್ತಕ ಬಂದಿತ್ತು. ಮದರಾಸು ಪೋಲೀಸಿನ ಅಧಿಕಾರಿ ಎಫ್. ಎಸ್. ಮುಲಾಲಿ ಬರೆದ, ಪ್ರಾಂತದ ‘ಅಪರಾಧಿ ವರ್ಗ’ಗಳ ಕುರಿತ ಟಿಪ್ಪಣಿಗಳು. ಕೊರವರು, ಲಂಬಾಣಿಗಳು ಮುಂತಾದ ಪಂಗಡಗಳ ಉಡುಗೆ, ಭಾಷೆ, ವಾಡಿಕೆಗಳನ್ನೂ ಅವರು ಕದಿಯುವ ಕ್ರಮವನ್ನೂ ಅದರಲ್ಲಿ ವಿವರಿಸಲಾಗಿತ್ತು. ಪೋಲೀಸರಿಗೆ ಮಾಹಿತಿ ಕೊಡುವುದೇ ಉದ್ದೇಶ. ಆದರೆ ಮಾಹಿತಿಯ ವೇಷದಲ್ಲಿ ಅಲ್ಲಿ ಕುಳಿತದ್ದು ಒಂದು ಭಯಂಕರವಾದ ನಂಬಿಕೆ: ಈ ಕುಲದಲ್ಲಿ ಹುಟ್ಟಿದವನು ಕಳ್ಳ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯಲ್ಲಿದ್ದುದೂ ಇದೇ ನಂಬಿಕೆ. ಕಾಯಿದೆ ಬಲ ಕೊಟ್ಟಿತು, ಇಂಥ ಕೈಪಿಡಿಗಳು ಬಾಯಿ ಕೊಟ್ಟವು. ಉಪ್ಪು, ಧಾನ್ಯ ಹೇರಿಕೊಂಡು ಊರೂರು ತಿರುಗುವುದೇ ವೃತ್ತಿಯಾಗಿದ್ದವರು, ತಿರುಗಿದ ತಪ್ಪಿಗೆ ಸಂಶಯಕ್ಕೆ ಒಳಗಾದರು.

ಸ್ವಾತಂತ್ರ್ಯದ ಬಳಿಕ, 1952ರಲ್ಲಿ, ಆ ಕಾಯಿದೆ ಇಡೀ ದೇಶದಲ್ಲಿ ರದ್ದಾಯಿತು. ಆದರೆ ಪುಸ್ತಕ ಕಲಿಸಿದ್ದು ಕಾಯಿದೆಯೊಡನೆ ರದ್ದಾಗುವುದಿಲ್ಲ. ಊರಿಗೆ ಅಲೆಮಾರಿಗಳ ಡೇರೆ ಬಂದೊಡನೆ, ಎಲ್ಲಿಯೋ ಕಳವಾದರೆ ಮೊದಲು ಅಲ್ಲಿಗೇ ಹೋಗುವ ಅಭ್ಯಾಸ ಇಂದಿಗೂ ಪೂರ್ತಿ ಅಳಿದಿಲ್ಲ. ಪೋಲೀಸ್ ಪತ್ರಿಕೆಗೆ ಬರೆಯುವವನು ‘ಇಂಥ ಜನ ಇಂಥ ಅಪರಾಧ ಮಾಡುತ್ತಾರೆ’ ಎಂಬ ವಾಕ್ಯ ಬರೆಯುವ ಮುಂಚೆ ಲೇಖನಿ ಕೆಳಗಿಟ್ಟು ಈ ಚರಿತ್ರೆಯನ್ನು ನೆನೆಯಬೇಕು. ಅಪರಾಧದ ಕ್ರಮವನ್ನು ಬರೆಯಲಿ. ಕುಲದ ಹೆಸರನ್ನು ಬರೆಯುವುದು ಬೇಡ.

ಪಂಚಾಂಗದ ಮೇಲಿನ ಹೆಬ್ಬೆರಳು

ಹಾಗಾದರೆ ಒಳ್ಳೆಯ ಮಾದರಿ ಯಾವುದು? ನಮ್ಮ ದೇಶದ್ದೇ ಒಂದಿದೆ. 1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚು ವಿಭಾಗ ಆರಂಭವಾಯಿತು. ಅದರ ಹಿಂದಿದ್ದವರು ಬಂಗಾಳದ ಇನ್‌ಸ್ಪೆಕ್ಟರ್ ಜನರಲ್ ಎಡ್ವರ್ಡ್ ಹೆನ್ರಿ. ಅದೇ ಸುಮಾರಿಗೆ ಜಲಪಾಯಿಗುರಿಯ ಚಹಾ ತೋಟದ ಮ್ಯಾನೇಜರನೊಬ್ಬ ಕೊಲೆಯಾದ. ಪೆಟ್ಟಿಗೆಯ ಹಣ ಹೋಗಿತ್ತು. ಸಂಶಯ ಅಡಿಗೆಯವನ ಮೇಲೆ, ಕೂಲಿಗಳ ಮೇಲೆ, ಊರಿಗೆ ಬಂದ ಅಲೆಮಾರಿಗಳ ಮೇಲೆ, ಹೀಗೆ ಎಲ್ಲರ ಮೇಲೂ ಓಡಿತು. ಪೆಟ್ಟಿಗೆಯಲ್ಲಿದ್ದ ಒಂದು ಬಂಗಾಳಿ ಪಂಚಾಂಗದ ಮೇಲೆ ಕಂದು ಬಣ್ಣದ ಕಲೆಗಳಿದ್ದುವು. ನೋಡಿದಾಗ ಅವುಗಳಲ್ಲಿ ಒಂದು, ಹೆಬ್ಬೆರಳಿನ ಅಚ್ಚು. ಆ ಮ್ಯಾನೇಜರನ ಹಳೆಯ ಸೇವಕನೊಬ್ಬ ಹಿಂದೆ ಕಳವಿಗಾಗಿ ಶಿಕ್ಷೆ ಅನುಭವಿಸಿದ್ದ. ಅವನ ಬೆರಳಚ್ಚು ಕಲ್ಕತ್ತದ ದಾಖಲೆಯಲ್ಲಿತ್ತು. ಎರಡೂ ತಾಳೆಯಾದುವು. ನ್ಯಾಯಾಲಯದಲ್ಲಿ ಕೊಲೆಯ ಆರೋಪ ನಿಲ್ಲಲಿಲ್ಲ; ಕಳವಿನ ಆರೋಪ ಸಿದ್ಧವಾಯಿತು.

1900ರಲ್ಲಿ ಬಂದ ಹೆನ್ರಿಯ ಬೆರಳಚ್ಚಿನ ಪುಸ್ತಕದ ಮೂಲಕ ಇದು ಪೋಲೀಸರ ಲೋಕದಲ್ಲೆಲ್ಲ ಪ್ರಸಿದ್ಧವಾಯಿತು. ವರ್ತಮಾನ ಪತ್ರಿಕೆಯವನ ಕೈಗೆ ಈ ವಿಷಯ ಸಿಕ್ಕರೆ ಅವನು ಕೊಲೆಯ ರಾತ್ರಿಯಿಂದ ಆರಂಭಿಸುತ್ತಾನೆ. ಪೋಲೀಸ್ ಓದುಗನಿಗೆ ಬೇಕಾದದ್ದು ಆ ರಾತ್ರಿಯಲ್ಲ. ರಕ್ತವನ್ನು ಅವನು ಕಂಡಿದ್ದಾನೆ. ಅವನು ಕೇಳುವ ಪ್ರಶ್ನೆಗಳೇ ಬೇರೆ. ಪಂಚಾಂಗವನ್ನು ಒರಸದೆ, ಮಡಚದೆ ಜೋಪಾನವಾಗಿ ಹೇಗೆ ಕಳುಹಿಸಲಾಯಿತು? ಹಳೆಯ ದಾಖಲೆಯಲ್ಲಿ ಅಚ್ಚು ಹುಡುಕಿದ ಕ್ರಮ ಯಾವುದು? ಅಚ್ಚು ತಾಳೆಯಾದರೂ ಕೊಲೆ ಏಕೆ ಸಿದ್ಧವಾಗಲಿಲ್ಲ? ಮೂರನೆಯ ಪ್ರಶ್ನೆಯೇ ಅತ್ಯಂತ ಮುಖ್ಯ. ಬೆರಳಚ್ಚು ಒಬ್ಬನು ಒಂದು ವಸ್ತುವನ್ನು ಮುಟ್ಟಿದನೆಂದು ಹೇಳುತ್ತದೆ. ಏನು ಮಾಡಿದನೆಂದು ಹೇಳುವುದಿಲ್ಲ. ಇದನ್ನು ತಿಳಿದ ತನಿಖೆಗಾರ ಅಚ್ಚು ಸಿಕ್ಕಿತೆಂದು ಕೈಕಟ್ಟಿ ಕೂರುವುದಿಲ್ಲ.

ಈ ಕಥೆಗೆ ಇನ್ನೊಂದು ಬಾಲವುಂಟು. ಬೆರಳಚ್ಚುಗಳನ್ನು ವಿಂಗಡಿಸಿ ಇಡುವ ಲೆಕ್ಕಾಚಾರದಲ್ಲಿ ದುಡಿದವರು ಹೆನ್ರಿಯ ಕೈಕೆಳಗಿದ್ದ ಇಬ್ಬರು ಸಬ್ ಇನ್‌ಸ್ಪೆಕ್ಟರರು, ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಪದ್ಧತಿಗೆ ಲೋಕದಲ್ಲೆಲ್ಲ ನಿಂತ ಹೆಸರು ಮಾತ್ರ ಹೆನ್ರಿಯದು. ಇಂದಿಗೂ ಹಲವು ಇಲಾಖಾ ಪತ್ರಿಕೆಗಳಲ್ಲಿ ಮೇಲಧಿಕಾರಿಯ ಭಾವಚಿತ್ರ ಮುಖಪುಟಕ್ಕೆ ಬರುತ್ತದೆ, ಮಳೆಯಲ್ಲಿ ನಿಂತು ಗುರುತು ಹಿಡಿದ ಕಾನ್‌ಸ್ಟೇಬಲನ ಹೆಸರು ಒಳಪುಟಕ್ಕೂ ಬರುವುದಿಲ್ಲ. ಕೆಲಸ ಮಾಡಿದವನ ಹೆಸರು ಬರೆದರೆ ಅದು ಬರಿಯ ಸೌಜನ್ಯವಲ್ಲ. ಆ ಕೆಲಸ ಹೇಗೆ ನಡೆಯಿತೆಂದು ತಿಳಿಯುವ ದಾರಿಯೂ ಅದೇ.

ಸತ್ತವನ ಕಿಸೆಯ ಕಥೆ

ತಪ್ಪು ನಂಬಿಕೆ ಹರಡುವುದಕ್ಕೆ ದುರುದ್ದೇಶವೇ ಬೇಕೆಂದಿಲ್ಲ, ಒಂದು ಒಳ್ಳೆಯ ನೀತಿಕಥೆಯೂ ಸಾಕು. ಅದಕ್ಕೆ ಅಮೇರಿಕದ ಒಂದು ಪ್ರಕರಣವೇ ಸಾಕ್ಷಿ.

1970ರ ಏಪ್ರಿಲ್ ತಿಂಗಳಲ್ಲಿ, 5ನೆಯ ತಾರೀಕಿನ ನಡುರಾತ್ರಿಯ ಹೊತ್ತಿಗೆ, ಕ್ಯಾಲಿಫೋರ್ನಿಯದ ನ್ಯೂಹಾಲ್ ಎಂಬಲ್ಲಿ ಹೆದ್ದಾರಿ ಪೋಲೀಸರು ಒಂದು ಕಾರನ್ನು ತಡೆದರು. ಅದರಲ್ಲಿದ್ದವರು ಇಬ್ಬರು ಹಳೆಯ ಅಪರಾಧಿಗಳು. ಐದು ನಿಮಿಷ ಕಳೆಯುವುದರೊಳಗೆ ನಾಲ್ವರು ಪೋಲೀಸರು ಗುಂಡಿಗೆ ಬಲಿಯಾದರು. ನಾಲ್ವರೂ ಇಪ್ಪತ್ತೈದು ತುಂಬದ ಯುವಕರು. ಯಾರಿಗೂ ಎರಡು ವರ್ಷದ ಸೇವೆಯೂ ಆಗಿರಲಿಲ್ಲ. ಅವರಲ್ಲೊಬ್ಬ ಕಾಡತೂಸು ತೀರಿದ ರಿವಾಲ್ವರಿಗೆ ಒಂದೊಂದಾಗಿ ಗುಂಡು ತುಂಬುತ್ತಿರುವಾಗ ಕೊಲೆಯಾದ.

ಆಮೇಲೆ ಒಂದು ಕಥೆ ಹುಟ್ಟಿತು. ತರಬೇತಿಯ ಮೈದಾನದಲ್ಲಿ ಖಾಲಿ ತೋಟೆಗಳನ್ನು ನೆಲಕ್ಕೆ ಬೀಳಿಸದೆ ಕಿಸೆಗೆ ಹಾಕಿಕೊಳ್ಳುವ ಅಭ್ಯಾಸವಿತ್ತೆಂದೂ, ಆ ಯುವಕ ಸಾಯುವ ಹೊತ್ತಿನಲ್ಲೂ ಅದೇ ಅಭ್ಯಾಸದಿಂದ ಖಾಲಿ ತೋಟೆಗಳನ್ನು ಕಿಸೆಗೆ ತುಂಬುತ್ತಿದ್ದನೆಂದೂ, ಆ ಎರಡು ಕ್ಷಣಗಳೇ ಅವನ ಪ್ರಾಣ ತೆಗೆದುವೆಂದೂ ಆ ಕಥೆ ಹೇಳಿತು. ಪೋಲೀಸ್ ಪತ್ರಿಕೆಗಳಲ್ಲಿ, ತರಬೇತಿಯ ತರಗತಿಗಳಲ್ಲಿ ಇದು ದಶಕಗಳ ಕಾಲ ಹೇಳಲ್ಪಟ್ಟಿತು. ಏಕೆಂದರೆ ಅದರ ನೀತಿ ಚೆನ್ನಾಗಿತ್ತು: ‘ಅಭ್ಯಾಸದಲ್ಲಿ ಮಾಡಿದ್ದನ್ನೇ ಆಪತ್ತಿನಲ್ಲೂ ಮಾಡುತ್ತೀರಿ.’

ಸುಮಾರು ನಾಲ್ಕು ದಶಕಗಳ ಬಳಿಕ ಮೈಕ್ ವುಡ್ ಎಂಬ ಲೇಖಕ ಹಳೆಯ ತನಿಖಾ ದಾಖಲೆಗಳನ್ನೂ ಸ್ಥಳದ ಛಾಯಾಚಿತ್ರಗಳನ್ನೂ ಕೂತು ಪರಿಶೀಲಿಸಿದರು. ಖಾಲಿ ತೋಟೆಗಳು ಕಿಸೆಯಲ್ಲಿರಲಿಲ್ಲ, ನೆಲದ ಮೇಲೆ ಬಿದ್ದಿದ್ದುವೆಂದು ಅವರು ತೋರಿಸಿದರು. ಅಷ್ಟು ವರ್ಷ ಕಥೆ ಹೇಳಿದವರಲ್ಲಿ ಹೆಚ್ಚಿನವರು ಸ್ಥಳದ ಚಿತ್ರವನ್ನು ನೋಡಿರಲಿಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಬರೆದಿದ್ದರು.

ಪಾಠ ಒಳ್ಳೆಯದಾಗಿದ್ದ ಮೇಲೆ ಕಥೆ ಸುಳ್ಳಾದರೇನು ಎಂದು ಕೇಳುವವರಿರಬಹುದು. ನಾವು ಒಪ್ಪುವುದಿಲ್ಲ. ಕಿಸೆಯ ಕಥೆ ರಂಗಕ್ಕೆ ಬಂದಷ್ಟೂ, ನಿಜವಾದ ಪ್ರಶ್ನೆಗಳು ನೇಪಥ್ಯಕ್ಕೆ ಸರಿಯುತ್ತವೆ. ಅಪಾಯಕಾರಿ ವಾಹನವನ್ನು ಹೇಗೆ ತಡೆಯಬೇಕು, ನೆರವು ಬರುವ ತನಕ ಕಾಯಬೇಕೇ, ಹೊಸಬರಿಗೆ ಎಂಥ ಅಭ್ಯಾಸ ಕೊಟ್ಟಿದ್ದೇವೆ ಎಂಬ ಪ್ರಶ್ನೆಗಳಿಗೆ ಇಲಾಖೆ ಉತ್ತರ ಹೇಳಬೇಕು. ಕಿಸೆಯ ಕಥೆಗೆ ಸತ್ತವನು ಉತ್ತರ ಹೇಳಿದರೆ ಸಾಕು, ಅವನೋ ಹೇಳಲಾರ. ಪೋಲೀಸರಿಗಾಗಿ ಬರೆಯುವವನು ಒಂದು ಘಟನೆಯಿಂದ ಪಾಠ ತೆಗೆಯುವ ಮುಂಚೆ, ಆ ಘಟನೆ ಹಾಗೆಯೇ ನಡೆಯಿತೇ ಎಂದು ಮಹಜರು ತೆರೆದು ನೋಡಬೇಕು.

ಕಾಯಿದೆಯನ್ನು ಕೈಗೆ ಸಿಗುವಂತೆ

ಇಂಥ ಪತ್ರಿಕೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬೇಡಿಕೆಯಿರುವುದು ಕಾನೂನಿನ ಲೇಖನಗಳಿಗೆ. ಅದರಲ್ಲೂ 2024ರ ಜುಲೈ 1ರಿಂದ ನಮ್ಮ ದೇಶದ ಕ್ರಿಮಿನಲ್ ಕಾಯಿದೆಗಳು ಮೂರೂ ಬದಲಾದುವು. ದಂಡಸಂಹಿತೆಗೆ ಬದಲು ಭಾರತೀಯ ನ್ಯಾಯ ಸಂಹಿತೆ, ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಗೆ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಕಾಯಿದೆಗೆ ಬದಲು ಭಾರತೀಯ ಸಾಕ್ಷ್ಯ ಅಧಿನಿಯಮ ಬಂದುವು. ಇಪ್ಪತ್ತು ವರ್ಷ ‘ನೂರೈವತ್ತನಾಲ್ಕು’ ಎಂದು ಬಾಯಿಪಾಠ ಮಾಡಿದ ಹೆಡ್ ಕಾನ್‌ಸ್ಟೇಬಲ್ ಈಗ ‘ನೂರೆಪ್ಪತ್ತಮೂರು’ ಎನ್ನಬೇಕು. ಬರೆಯುವವನು ಹಳೆಯ ಅಂಕಿ, ಹೊಸ ಅಂಕಿ ಎರಡನ್ನೂ ಅಕ್ಕಪಕ್ಕ ಕೊಟ್ಟರೆ ಅದೇ ಒಂದು ಉಪಕಾರ.

ಆದರೆ ಅಂಕಿ ಕೊಟ್ಟರೆ ಸಾಲದು. ಒಂದು ಉದಾಹರಣೆ ಹೇಳುತ್ತೇವೆ. ಹೊಸ ಕಾಯಿದೆಯ 173ನೆಯ ಕಲಮನ್ನು ಒಬ್ಬರು ಹೀಗೆ ವಿವರಿಸಬಹುದು: ‘ಸಂಜ್ಞೇಯ ಅಪರಾಧಕ್ಕೆ ಸಂಬಂಧಪಟ್ಟ ಮಾಹಿತಿಯು ಅಧಿಕಾರವ್ಯಾಪ್ತಿಯ ನಿರ್ಬಂಧವಿಲ್ಲದೆ ಸ್ವೀಕಾರಾರ್ಹವಾಗಿದ್ದು ತದನಂತರ ಸಕ್ಷಮ ಠಾಣೆಗೆ ವರ್ಗಾಯಿಸತಕ್ಕದ್ದು.’ ಇದರಲ್ಲಿ ತಪ್ಪಿಲ್ಲ, ಓದುವವನೂ ಇಲ್ಲ.

ಈಗ ಇದನ್ನೇ ಹೀಗೆ ಬರೆಯೋಣ. ‘ಮಂಜೇಶ್ವರದ ಒಬ್ಬ ಹೆಂಗಸು ಮಂಗಳೂರಿನಿಂದ ಬಸ್ಸಿನಲ್ಲಿ ಮರಳುತ್ತಿರುವಾಗ ತಲಪಾಡಿಯ ಆಚೆಗೆ ಅವರ ಕತ್ತಿನ ಚಿನ್ನದ ಸರವನ್ನು ಯಾರೋ ಕಿತ್ತುಕೊಂಡರು. ಅವರು ಊರಿಗೆ ಬಂದು ನಿಮ್ಮ ಠಾಣೆಯ ಮೆಟ್ಟಲು ಹತ್ತಿದ್ದಾರೆ. “ಅದು ಗಡಿಯ ಆಚೆ, ನಮಗೆ ಸೇರಿದ್ದಲ್ಲ” ಎಂದು ಹೇಳಿ ಕಳುಹಿಸಬೇಡಿ. ಕೃತ್ಯ ಎಲ್ಲಿ ನಡೆದಿದ್ದರೂ ನೀವು ಬರೆದುಕೊಳ್ಳಬೇಕು. ಬರೆದುದನ್ನು ಅವರಿಗೆ ಓದಿ ಹೇಳಿ ಸಹಿ ಪಡೆಯಿರಿ. ನಕಲನ್ನು ಕೂಡಲೇ ಉಚಿತವಾಗಿ ಕೊಡಿ. ಆಮೇಲೆ ಸಂಬಂಧಪಟ್ಟ ಠಾಣೆಗೆ ಕಳುಹಿಸಿ.’ ಕಾಯಿದೆ ಅದೇ. ಆದರೆ ಎರಡನೆಯದನ್ನು ಓದಿದ ಕಾವಲಿನ ಪೋಲೀಸನಿಗೆ ನಾಳೆ ಏನು ಮಾಡಬೇಕೆಂದು ತಿಳಿಯುತ್ತದೆ. ಎರಡು ರಾಜ್ಯಗಳ ನಡುವೆ ದಿನಾಲೂ ಓಡಾಡುವ ನಮ್ಮಂಥವರಿಗೆ ಇದು ಬರಿಯ ಶೈಲಿಯ ಪ್ರಶ್ನೆಯಲ್ಲವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹೇಳಬೇಕಾದುದರ ಜತೆಗೆ ಬಿಡಬೇಕಾದುದೂ ಉಂಟು. ಅತ್ಯಾಚಾರಕ್ಕೊಳಗಾದವರ ಗುರುತು ಬಿಟ್ಟುಕೊಡುವುದು ಅಪರಾಧ. ಮಕ್ಕಳ ವಿಷಯದಲ್ಲಿ ಪೋಕ್ಸೋ ಕಾಯಿದೆಯ ತಡೆಯುಂಟು. ‘ನಮ್ಮ ಇಲಾಖೆಯ ಒಳಗಿನ ಪತ್ರಿಕೆ ತಾನೆ’ ಎಂಬ ಸಬೂಬು ನಡೆಯದು, ಅಚ್ಚಾದ ಹಾಳೆ ಎಲ್ಲಿಗೂ ಹೋಗುತ್ತದೆ. ವಿಚಾರಣೆ ಮುಗಿಯದ ಕೇಸಿನಲ್ಲಿ ಆರೋಪಿಯನ್ನು ಅಪರಾಧಿಯೆಂದು ಕರೆಯಬಾರದು. ‘ಠಾಣೆಯಲ್ಲಿ ತಪ್ಪೊಪ್ಪಿಕೊಂಡನು, ಕೇಸು ಬಗೆಹರಿಯಿತು’ ಎಂದು ಮುಗಿಸುವ ಲೇಖನ ಓದುಗನಿಗೆ ತಪ್ಪು ಪಾಠ ಕಲಿಸುತ್ತದೆ. ಪೋಲೀಸರ ಮುಂದಿನ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗುವುದಿಲ್ಲವೆಂದು ಹಳೆಯ ಸಾಕ್ಷ್ಯ ಕಾಯಿದೆಯ 25ನೆಯ ಕಲಮು ಹೇಳಿತ್ತು. ಹೊಸದರ 23ನೆಯ ಕಲಮೂ ಅದನ್ನೇ ಹೇಳುತ್ತದೆ. ಒಪ್ಪಿಸುವ ಸಾಮರ್ಥ್ಯವನ್ನು ಹೊಗಳುವ ಲೇಖನ, ಒಪ್ಪಿಸುವ ವಿಧಾನಕ್ಕೂ ಪರೋಕ್ಷವಾಗಿ ಅನುಮತಿ ಕೊಟ್ಟಂತೆ.

ಒಂದೇ ಶಬ್ದ, ಎರಡು ಅರ್ಥ

ಇನ್ನು ನಮ್ಮ ಜಿಲ್ಲೆಗೇ ವಿಶಿಷ್ಟವಾದ ಒಂದು ವಿಷಯ. 1984ರಲ್ಲಿ ಉದಯಿಸಿದ ಕಾಸರಗೋಡು ಜಿಲ್ಲೆಯಲ್ಲಿ ಆಡುವ ಭಾಷೆಗಳನ್ನು ಎಣಿಸಿದರೆ ಎರಡು ಕೈಯ ಬೆರಳು ಬೇಕು. ಠಾಣೆಯ ಕಾಗದಪತ್ರ ನಡೆಯುವುದು ಮಲಯಾಳದಲ್ಲಿ. ತೆಂಕಣ ಜಿಲ್ಲೆಗಳಿಂದ ವರ್ಗವಾಗಿ ಬಂದ ಪೋಲೀಸನಿಗೆ ಕನ್ನಡ, ತುಳು ಬಾರದಿದ್ದರೆ ಅದು ಅವನ ತಪ್ಪಲ್ಲ. ಆದರೆ ಕನ್ನಡ, ಮಲಯಾಳಗಳು ತೀರ ಅಪರಿಚಿತ ಭಾಷೆಗಳಾಗಿದ್ದರೆ ಇಷ್ಟು ತೊಂದರೆಯಿರಲಿಲ್ಲ. ಅಕ್ಕ ತಂಗಿಯರಾದುದರಿಂದಲೇ ತೊಂದರೆ. ಒಂದೇ ಶಬ್ದ ಎರಡು ಕಡೆಯೂ ಇದೆ, ಅರ್ಥ ಮಾತ್ರ ಬೇರೆ. ಗೊತ್ತಿಲ್ಲದ ಶಬ್ದವಾದರೆ ಕೇಳಿ ತಿಳಿಯುತ್ತೇವೆ. ಗೊತ್ತಿದೆಯೆಂದು ತಿಳಿದ ಶಬ್ದವನ್ನು ಯಾರು ಕೇಳುತ್ತಾರೆ?

‘ಪ್ರತಿ’ ಎಂದರೆ ನಮಗೆ ನಕಲು, ಮಲಯಾಳದಲ್ಲಿ ಆರೋಪಿ. ‘ಒನ್ನಾಂ ಪ್ರತಿ’ ಎಂದು ಓದಿದ ಕನ್ನಡಿಗ ಕಾಗದದ ಮೊದಲನೆಯ ನಕಲೆಂದು ತಿಳಿದರೆ ಆಶ್ಚರ್ಯವಿಲ್ಲ, ಅದು ಅವನನ್ನೇ ಕುರಿತು ಬರೆದದ್ದಾಗಿರಬಹುದು. ‘ವಿಧಿ’ ಎಂದರೆ ನಾವು ಹಣೆಬರಹ ಎನ್ನುತ್ತೇವೆ; ಅಲ್ಲಿ ನ್ಯಾಯಾಲಯದ ತೀರ್ಪಿಗೂ ಅದೇ ಹೆಸರು. ‘ಚೋದ್ಯ’ ನಮಗೆ ವಿಸ್ಮಯ, ಅವರಿಗೆ ಪ್ರಶ್ನೆ. ಠಾಣೆಯ ‘ಚೋದ್ಯಂ ಚೆಯ್ಯಲ್’ ಎಂದರೆ ಪ್ರಶ್ನಿಸಿ ವಿಚಾರಿಸುವುದು. ‘ಅವಸರ’ ನಮಗೆ ಗಡಿಬಿಡಿ, ಅವರಿಗೆ ಸಂದರ್ಭ, ಅವಕಾಶ. ‘ಅವಸರದಲ್ಲಿ ಸಹಿ ಹಾಕಿದೆ’ ಎಂದು ಒಬ್ಬ ಮುದುಕ ಹೇಳಿದರೆ, ಓದದೆ ಸಹಿ ಹಾಕಿದೆನೆಂದು ನಮಗೆ ಅರ್ಥವಾಗುತ್ತದೆ. ಅವಕಾಶ ಸಿಕ್ಕಾಗ ಸಹಿ ಹಾಕಿದೆನೆಂದು ಇನ್ನೊಬ್ಬರ ಕಿವಿಗೆ ಕೇಳಿಸಬಹುದು. ಜಾಗದ ತಕರಾರಿನಲ್ಲಿ ಈ ಎರಡು ಅರ್ಥಗಳ ನಡುವೆ ಒಂದು ಮನೆಯೇ ಹೋಗಬಹುದು.

‘ಪ್ರಸಂಗ’ದ ವಿಷಯವಂತೂ ಇನ್ನೂ ಸ್ವಾರಸ್ಯ. ‘ಆ ರಾತ್ರಿ ಎಲ್ಲಿದ್ದೆ?’ ಎಂದು ಕೇಳಿದಾಗ ಕುಂಬಳೆಯ ಕಡೆಯ ಹುಡುಗ ‘ಪ್ರಸಂಗಕ್ಕೆ ಹೋಗಿದ್ದೆ’ ಎಂದರೆ, ಅವನು ಯಕ್ಷಗಾನ ನೋಡಿ ಬೆಳಗು ಮಾಡಿದನೆಂದು ನಮಗೆ ಹೇಳಬೇಕಾಗಿಲ್ಲ. ಮಲಯಾಳದಲ್ಲಿ ಪ್ರಸಂಗವೆಂದರೆ ಭಾಷಣ. ನಡುರಾತ್ರಿ ಎಲ್ಲಿಯ ಭಾಷಣ, ಯಾವ ಪಕ್ಷದ್ದು ಎಂದು ಮರುಪ್ರಶ್ನೆ ಬರುತ್ತದೆ, ಹುಡುಗ ತಬ್ಬಿಬ್ಬಾಗುತ್ತಾನೆ, ತಬ್ಬಿಬ್ಬಾದವನ ಮೇಲೆ ಸಂಶಯ ಬಲಿಯುತ್ತದೆ. ಸತ್ಯ ಹೇಳಿಯೂ ಸಿಕ್ಕಿಬೀಳುವುದೆಂದರೆ ಇದೇ.

ಬರೆದುದನ್ನು ಫಿರ್ಯಾದಿಗೆ ಓದಿ ಹೇಳಬೇಕೆಂದು ಕಾಯಿದೆ ಹೇಳಿದೆಯಲ್ಲ, ಅದರ ಅರ್ಥ ಗಟ್ಟಿಯಾಗಿ ಓದುವುದಲ್ಲ. ಕೇಳುವವನಿಗೆ ತಿಳಿಯುವಂತೆ ಹೇಳುವುದು. ಇಂಥ ಐವತ್ತು ಶಬ್ದಗಳನ್ನು ಆರಿಸಿ, ಎರಡು ಪುಟಗಳ ಒಂದು ಲೇಖನವನ್ನು ಮಲಯಾಳದಲ್ಲಿ ಬರೆದು, ಜಿಲ್ಲೆಯ ಠಾಣೆಗಳಿಗೆ ವರ್ಗವಾಗಿ ಬರುವವರ ಕೈಗೆ ಕೊಟ್ಟರೆ ಅದಕ್ಕಿಂತ ಉಪಯುಕ್ತವಾದ ಪೋಲೀಸ್ ಸಾಹಿತ್ಯ ಬೇರೊಂದಿಲ್ಲ. ಅದಕ್ಕೆ ದೊಡ್ಡ ಪಂಡಿತರು ಬೇಕಾಗಿಲ್ಲ. ಎರಡೂ ಭಾಷೆ ಬಲ್ಲ ಒಬ್ಬ ನಿವೃತ್ತ ಹೆಡ್ ಕಾನ್‌ಸ್ಟೇಬಲ್, ಒಬ್ಬ ಶಾಲಾ ಮಾಸ್ತರ್, ಒಬ್ಬ ವಕೀಲರ ಗುಮಾಸ್ತ ಕೂತರೆ ನಾಲ್ಕು ಸಂಜೆಗಳ ಕೆಲಸ.

ಬರೆಯುವವರು ಯಾರು?

ಪೋಲೀಸರಿಗಾಗಿ ಪೋಲೀಸರೇ ಬರೆಯಬೇಕೆಂದು ಕೆಲವರ ವಾದ. ಕೆಲಸ ಬಲ್ಲವನ ಬರಹಕ್ಕೆ ಬೆಲೆ ಹೆಚ್ಚೆಂಬುದು ನಿಜ. ಠಾಣೆಯಲ್ಲಿ ಮೂವತ್ತು ವರ್ಷ ಸವೆಸಿದವರ ತಲೆಯಲ್ಲಿರುವ ತಿಳಿವಳಿಕೆ ಪಿಂಚಣಿಯೊಡನೆ ಮನೆಗೆ ಹೋಗಿ ಅಲ್ಲಿಯೇ ಮುಗಿಯುವುದು ನಷ್ಟವೇ ಸರಿ. ಆದರೆ ಮೇಲಿನವರ ಮುಖ ನೋಡಿ ಬರೆಯಬೇಕಾದವನು ಎಡವಿದ್ದನ್ನು ಬರೆಯಲಾರ, ಗೆದ್ದದ್ದನ್ನೇ ಬರೆಯುತ್ತಾನೆ. ಹೊರಗಿನವನಿಗೆ ಆ ಭಯವಿಲ್ಲ. ಆದರೆ ಅವನಿಗೆ ಕೆಲಸದ ಒಳಗುಟ್ಟು ತಿಳಿಯದು. ಆದುದರಿಂದ ಇಬ್ಬರೂ ಬೇಕು. ಪೋಲೀಸನು ನಡೆದದ್ದನ್ನು ಹೇಳಲಿ, ಬರಹಗಾರನು ‘ಅದು ನಿಮಗೆ ಹೇಗೆ ಗೊತ್ತಾಯಿತು?’ ಎಂದು ಮತ್ತೆ ಮತ್ತೆ ಕೇಳಲಿ. ಲೇಖನ ಅಚ್ಚಿಗೆ ಹೋಗುವ ಮುಂಚೆ ಸಂಗತಿಗಳನ್ನು ಬಲ್ಲವರು ಸರಿನೋಡಲಿ. ಹೊಗಳಿಕೆಯನ್ನು ಸೇರಿಸುವುದಕ್ಕೆ ಮಾತ್ರ ಯಾರಿಗೂ ಅವಕಾಶ ಬೇಡ.

ಸನ್ಮಾನದ ಸುದ್ದಿ, ಬೀಳ್ಕೊಡುಗೆಯ ಚಿತ್ರ, ಕ್ರೀಡಾಕೂಟದ ಫಲಿತಾಂಶ ಇವು ಬೇಡವೆಂದು ನಾವು ಹೇಳುವುದಿಲ್ಲ. ಹಗಲಿರುಳು ದುಡಿಯುವವರಿಗೆ ಅಷ್ಟಾದರೂ ಸಂತೋಷ ಬೇಕು. ಆದರೆ ಆ ಪುಟಗಳ ನಡುವೆ ಒಂದು ಪುಟ, ‘ಈ ಕೇಸಿನಲ್ಲಿ ನಾವು ಇಲ್ಲಿ ಎಡವಿದೆವು, ನೀವು ಎಡವಬೇಡಿ’ ಎಂದು ಹೇಳುವಂಥದ್ದಿರಬೇಕು. ಆಸ್ಪತ್ರೆಯವರು ರೋಗಿ ಏಕೆ ಉಳಿಯಲಿಲ್ಲವೆಂದು ತಮ್ಮೊಳಗೆ ಚರ್ಚಿಸುತ್ತಾರೆ. ಕೇಸು ಏಕೆ ಬಿದ್ದುಹೋಯಿತೆಂದು ಪೋಲೀಸರೂ ತಮ್ಮ ಪತ್ರಿಕೆಯಲ್ಲಿ ಚರ್ಚಿಸಿದರೆ ಇಲಾಖೆಯ ಮಾನ ಹೋಗದು. ಮುಂದಿನ ಕೇಸು ಉಳಿದೀತು.

ಪೋಲೀಸನೂ ಓದುಗ. ಅವನಿಗೆ ಸಮಯ ಕಡಿಮೆ, ನಿದ್ದೆ ಕಡಿಮೆ, ಕೆಲಸ ಮಾತ್ರ ಹೆಚ್ಚು. ಅವನ ಮುಂದೆ ಒಂದು ಬರಹ ಇಡುವವನು ಅದರಲ್ಲಿ ಸತ್ಯವನ್ನು ಇಡಲಿ, ಅವನ ಕೈಗೆ ಸಿಗುವ ಭಾಷೆಯಲ್ಲಿ ಇಡಲಿ. ಹಾಗೆ ಬರೆದ ಎರಡು ಪುಟಗಳನ್ನು ಒಬ್ಬ ಕಾನ್‌ಸ್ಟೇಬಲ್ ಚಹಾ ಕುಡಿಯುವ ಹೊತ್ತಿನಲ್ಲಿ ಓದಿದ್ದರಿಂದ, ಪ್ರಸಂಗ ನೋಡಿ ಮನೆಗೆ ನಡೆದು ಹೋಗುತ್ತಿದ್ದ ಒಬ್ಬ ಹುಡುಗ ಮನೆಗೇ ಹೋಗಿ ಸೇರಿದರೆ, ಬರೆದವನ ಶ್ರಮಕ್ಕೆ ಅದಕ್ಕಿಂತ ದೊಡ್ಡ ಸಂಭಾವನೆ ಇಲ್ಲ.